ಗಾಂಧಾರವಿಲ್ಲದ ಮನೆ

ಕಾರವಾರದ ಹಬ್ಬುವಾಡದ ನಮ್ಮ ಮನೆಯಲ್ಲಿ ಮೂರು ವರ್ಷ ಯಾರೂ ಗಾಂಧಾರ ಹಾಡಲಿಲ್ಲ. ಸಾವಾದ ಮನೆಗಳಲ್ಲಿ ಹೋದವರ ಬಟ್ಟೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ, ಅವರಿಗೆ ಇಷ್ಟವಾದ ಪದಾರ್ಥವನ್ನು ಕೆಲವು ದಿನ ಒಲೆಯ ಮೇಲಿಡುವುದಿಲ್ಲ. ನಮ್ಮ ಪಪ್ಪಾ ಒಂದು ಸ್ವರವನ್ನೇ ಬಿಟ್ಟರು. ಯಾರೂ ಅವರನ್ನು ಬಿಡು ಎಂದಿರಲಿಲ್ಲ, ಯಾವ ದೇವರೂ ಕೇಳಿರಲಿಲ್ಲ. ತಾವೇ ಹಾಕಿಕೊಂಡ ಕಟ್ಟು ಅದು. ಆದರೆ ಮನೆಯ ಯಜಮಾನ ತಾನೇ ಹಾಕಿಕೊಂಡ ಕಟ್ಟಿನೊಳಗೆ ಮನೆಯ ಉಳಿದವರೂ ಬದುಕಬೇಕಾಗುತ್ತದೆ. ನಾನು ಹಾಡು ಕಟ್ಟುವುದನ್ನು ಕಲಿತದ್ದು ಆ ಮೂರು ವರ್ಷಗಳಲ್ಲಿ. ಮಾತಾಡದೆ ಇರುವುದನ್ನು ಕಲಿತದ್ದು ಅದಕ್ಕೂ ಸ್ವಲ್ಪ ಮೊದಲು.

ಮನೆ ಸಣ್ಣದು. ರಸ್ತೆಯಿಂದ ಅಂಗಳಕ್ಕೆ ಕೆಂಪು ಚಿರೇಕಲ್ಲಿನ ಕಡಿದಾದ ಮೆಟ್ಟಿಲುಗಳಿದ್ದವು, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿದ್ದವು. ಹೊರಗಿನ ಕೋಣೆಯಲ್ಲಿ ಪಪ್ಪಾ ಅವರ ಕಾಲುಪೇಟಿ, ಅಂದರೆ ಕಾಲಿನ ಹಾರ್ಮೋನಿಯಂ. ಹಣಕೋಣದ ನಾಟಕ ಮಂಡಳಿಯೊಂದು ಮುಚ್ಚಿದಾಗ ಅಲ್ಲಿಂದ ಬಂದದ್ದು ಅದು. ಕುರ್ಚಿಯ ಮೇಲೆ ಕೂತು ಎರಡೂ ಕಾಲಿನಿಂದ ತಿದಿ ಒತ್ತಿದರೆ ಎರಡೂ ಕೈ ಸ್ವರಕ್ಕೆ ಸಿಗುತ್ತಿದ್ದವು. ಅದರ ಹಿಂದಿನ ನಡುಕೋಣೆಯಲ್ಲಿ ಅಕ್ಕ ಮತ್ತು ನಾನು ಮಲಗುತ್ತಿದ್ದೆವು. ಅದರಾಚೆ ಅಡುಗೆಮನೆ, ಅಲ್ಲಿಂದ ಬಂಗಡೆ ಮೀನಿನ ಸಾರಾದ ಹುಮಣದ ಹುಳಿವಾಸನೆ ಪೇಟಿಯ ಹಳೆ ಮರದೊಳಕ್ಕೂ ಇಳಿದಿತ್ತು. ಪಪ್ಪಾ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಆದರೆ ಊರಿನವರ ಬಾಯಲ್ಲಿ ಅವರು ಪೇಟಿ ಮಾಸ್ತರು. ಮನೆಯಲ್ಲಿ ನಾವು ಆಡುತ್ತಿದ್ದುದು ಕೊಂಕಣಿ. ಹಾಡಿನ ವಿಷಯ ಬಂದರೆ ಮಾತ್ರ ಪಪ್ಪಾ ಕನ್ನಡಕ್ಕೆ ತಿರುಗುತ್ತಿದ್ದರು. ಆಗ ನಾವು ಮಕ್ಕಳು ನೆಟ್ಟಗೆ ಕೂರಬೇಕೆಂದು ಅರ್ಥ.

ಅವರ ಭಜನೆಗಳು ಬೇರೆಯವರ ಭಜನೆಗಳಂತೆ ಇರಲಿಲ್ಲ. ಹುಡುಗರಾಗಿದ್ದಾಗ ಅವರು ಕಾರವಾರದ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆರ್ಗನ್ ನುಡಿಸುತ್ತಿದ್ದ ಅಂತೋನ ಮಾಸ್ತರ ಎಂಬ ಮುದುಕರ ಬಳಿ ಎರಡು ವರ್ಷ ಕಲಿತಿದ್ದರು. ಒಂದೇ ಹೊತ್ತಿಗೆ ಮೂರು ಸ್ವರ ಒತ್ತಿ, ಮೂರು ಜನ ಮೂರು ಸ್ವರದಲ್ಲಿ ಹಾಡುವ ರೀತಿ ಅಲ್ಲಿಂದ ಬಂದದ್ದು. ಆ ರೀತಿಯಲ್ಲಿ ಅವರು ವಿಠಲನ ಮೇಲೆ, ಗಣಪತಿಯ ಮೇಲೆ ಹಾಡು ಕಟ್ಟುತ್ತಿದ್ದರು. ನೆರೆಯವರು ನಗುತ್ತ ಅದನ್ನು ಇಗರ್ಜಿ ಭಜನೆ ಅನ್ನುತ್ತಿದ್ದರು, ಆದರೂ ಕೇಳಲು ಬಂದು ಕೂರುತ್ತಿದ್ದರು. ನನಗೆ ಪಪ್ಪಾ ತೋರಿಸಿಕೊಟ್ಟದ್ದು ಇಷ್ಟು: ಷಡ್ಜ ಮತ್ತು ಪಂಚಮ ಎರಡನ್ನೇ ಒತ್ತಿದರೆ ನಾದ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಬರಿದು. ನಡುವೆ ಗಾಂಧಾರ ಸೇರಿಸಿದರೆ ಅದಕ್ಕೆ ಸಂತೋಷ ಬರುತ್ತದೆ. ಅದೇ ಗಾಂಧಾರವನ್ನು ಒಂದು ಮನೆ, ಅಂದರೆ ಪೇಟಿಯ ಒಂದು ಕೀಲಿ, ಇಳಿಸಿದರೆ ದುಃಖ. ಎರಡೂ ಇರುವುದು ಆ ಒಂದು ಸ್ವರದಲ್ಲಿ. ನಮ್ಮ ಮನೆಯಲ್ಲಿ ಷಡ್ಜ ಪಪ್ಪಾ ಅವರದು, ಪಂಚಮ ನಮ್ಮ ಆಯಿಯದು, ಅಂದರೆ ಅಮ್ಮನದು, ಗಾಂಧಾರ ನನ್ನ ಅಕ್ಕ ಶೈಲಾಳದು. ನನ್ನ ಕೈಗೆ ತಾಳ ಕೊಟ್ಟಿದ್ದರು.

ಶೈಲಕ್ಕನಿಗೆ ಆಗ ಹದಿನಾರು, ನನಗೆ ಹನ್ನೊಂದು. ಹಾಡುವಾಗ ಅವಳು ಕೂರುತ್ತಿರಲಿಲ್ಲ. ಪೇಟಿಯ ಅಂಚಿಗೆ ಒಂದು ಕೈ ಇಟ್ಟು ನಿಲ್ಲುತ್ತಿದ್ದಳು. ಪಪ್ಪಾ ಮತ್ತು ಆಯಿ ಸ್ವರ ಹಿಡಿದು ಕಾಯುತ್ತಿದ್ದರು, ಆಮೇಲೆ ಅವಳು ಒಳಗೆ ಬರುತ್ತಿದ್ದಳು. ಅವಳು ಬಂದ ಕೂಡಲೇ ಪಪ್ಪಾ ಅವರ ಮುಖ ಬದಲಾಗುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ. ನನ್ನನ್ನು ಅವರು ಆ ಮುಖದಿಂದ ಒಂದು ದಿನವೂ ನೋಡಿರಲಿಲ್ಲ. ನನಗೆ ಆ ಜಾಗ ಬೇಕಿತ್ತು. ಅಕ್ಕ ಮದುವೆಯಾಗಿ ಹೋದರೆ ಸಿಗುತ್ತದೆ ಎಂದು ಮೊದಲು ಲೆಕ್ಕ ಹಾಕಿದ್ದೆ. ಆಮೇಲೆ ಅಷ್ಟು ಕಾಯಬೇಕಾಗಿಲ್ಲ ಅನಿಸತೊಡಗಿತು. ಇದನ್ನು ಬರೆಯದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ.

ಅವಳ ಉಸಿರು ಸಣ್ಣದಾಗುತ್ತಿತ್ತು. ದಿನಾ ಬೆಳಿಗ್ಗೆ ಪಪ್ಪಾ ಅವಳಿಂದ ಗಾಂಧಾರವನ್ನು ಒಂದೇ ಉಸಿರಿನಲ್ಲಿ ಹಿಡಿಸಿ, ಕೈಗಡಿಯಾರ ನೋಡಿ ಸೆಕೆಂಡು ಎಣಿಸುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಮೂವತ್ತರವರೆಗೆ ಹೋಗುತ್ತಿದ್ದವಳು ಮಳೆ ಶುರುವಾದಾಗ ಇಪ್ಪತ್ತಕ್ಕೆ ಬಂದಿದ್ದಳು, ಗಣೇಶ ಚವತಿಯ ಹೊತ್ತಿಗೆ ಹನ್ನೆರಡಕ್ಕೆ. ಪಪ್ಪಾ ಅದನ್ನು ಸೋಮಾರಿತನ ಅಂದುಕೊಂಡರು.

"ಕಾಲೇಜಿಗೆ ಹೋಗೂಕೆ ಶುರು ಮಾಡಿದ ಮೇಲೆ ನಿಂಗೆ ಹಾಡಲ್ಲಿ ಲಕ್ಷ್ಯ ಇಲ್ಲ. ಇನ್ನೊಂದ್ಸಲ."

"ಆಗ್ತದೆ ಪಪ್ಪಾ, ಹಿಡೀತೆ."

ಅವಳು ಹಿಡಿಯುತ್ತಿದ್ದಳು. ತುಟಿಯ ಸುತ್ತ ನೀಲಿ ಬಣ್ಣ ಬರುತ್ತಿತ್ತು. ಪಪ್ಪಾ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು, ಆಯಿ ಆ ಹೊತ್ತಿಗೆ ಒಲೆಯ ಮುಂದೆ ಇರುತ್ತಿದ್ದಳು. ಅಕ್ಕನನ್ನು ನೇರವಾಗಿ ನೋಡುತ್ತಿದ್ದವಳು ನಾನೊಬ್ಬಳೇ. ಶಾಲೆಯಿಂದ ಬರುವಾಗ ರಸ್ತೆಯ ತಿರುವಿನಲ್ಲಿ ಅವಳು ನನಗೆ ಸಿಗುತ್ತಿದ್ದಳು, ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತುತ್ತಿದ್ದೆವು. ಅರ್ಧಕ್ಕೆ ಅವಳು ಕೂತುಬಿಡುತ್ತಿದ್ದಳು. ಎದೆ ಬಡಿದುಕೊಳ್ಳುವುದು ರವಿಕೆಯ ಮೇಲಿನಿಂದಲೇ ಕಾಣುತ್ತಿತ್ತು. ಬೆಳಿಗ್ಗೆ ನಾನು ಏಳುವಾಗ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿರುತ್ತಿದ್ದಳು, ಮಲಗಿದರೆ ಕೆಮ್ಮು ಬರುತ್ತದೆ ಅನ್ನುತ್ತಿದ್ದಳು. ಒಂದು ದಿನ ಆ ಮೆಟ್ಟಿಲ ಮೇಲೆ ಕೂತು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂದಾ, ಪಪ್ಪಾಗೆ ಹೇಳ್ಬೇಡ. ಆಯಿಗೂ ಬೇಡ."

"ಎಂತಾಗ್ತದೆ ನಿಂಗೆ?"

"ಎಂತಾ ಇಲ್ಲ. ಹೇಳಿದ್ರೆ ಹಾಡು ಬಿಡಿಸ್ತಾರೆ. ಅಂಕೋಲೆ ಸ್ಪರ್ಧೆ ಆಗ್ಲಿ, ನಾನೇ ಹೇಳ್ತೆ. ದೇವರಾಣೆ ಮಾಡು."

ಮಾಡಿದೆ. ಆಣೆಗೆ ಹೆದರಿ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ಅದು ನಿಜ. ಇನ್ನರ್ಧ ಏನೆಂದರೆ, ಪ್ರತಿದಿನ ಪಪ್ಪಾ ಎಣಿಸುವ ಸಂಖ್ಯೆ ಇಳಿಯುವುದನ್ನು ನಾನು ಕೇಳಿಸಿಕೊಳ್ಳುತ್ತಿದ್ದೆ, ಮತ್ತು ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತು ನನ್ನ ಗಾಂಧಾರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಾನೂ ಎಣಿಸುತ್ತಿದ್ದೆ.

ಅಂಕೋಲೆ ಆಯಿಯ ತವರು. ಅಲ್ಲಿಯ ದೇವಸ್ಥಾನದ ಸಭಾಂಗಣದಲ್ಲಿ ಭಜನಾ ಸ್ಪರ್ಧೆ ಇತ್ತು, ಪಪ್ಪಾ ಅದಕ್ಕಾಗಿಯೇ ಹೊಸ ಹಾಡು ಕಟ್ಟಿದ್ದರು. ಹಾಡಿನ ಕೊನೆಗೆ ಪೇಟಿ ನಿಂತುಹೋಗಿ ಮೂವರ ದನಿ ಮಾತ್ರ ಉಳಿಯಬೇಕು, ಆಮೇಲೆ ಪಪ್ಪಾ ಮತ್ತು ಆಯಿಯೂ ನಿಲ್ಲಿಸಿ ಅಕ್ಕನ ಗಾಂಧಾರ ಒಂದೇ ಉಳಿಯಬೇಕು. ಮಧ್ಯಾಹ್ನದ ಹೊತ್ತು, ಸೆಕೆ, ಜನ ಕಿಟಕಿಯವರೆಗೂ ನಿಂತಿದ್ದರು. ಹಾಡು ಚೆನ್ನಾಗಿಯೇ ಹೋಯಿತು. ಕೊನೆಗೆ ಪೇಟಿ ನಿಂತಿತು, ಪಪ್ಪಾ ನಿಲ್ಲಿಸಿದರು, ಆಯಿ ನಿಲ್ಲಿಸಿದಳು. ಅಕ್ಕನ ದನಿ ಒಂದು ಗಳಿಗೆ ನಿಂತು, ಅಲುಗಾಡಿ, ತುಂಡಾಯಿತು. ಅವಳು ಪೇಟಿಯ ಅಂಚು ಹಿಡಿದುಕೊಂಡಳು. ಪಪ್ಪಾ ತಿರುಗಿ ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು. ಸಭೆಯವರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೈಯಲ್ಲಿ ತಾಳ ಹಿಡಿದು ಕೂತಿದ್ದವಳು, ಈಗ ಪಪ್ಪಾ ನನ್ನನ್ನು ಕರೆಯುತ್ತಾರೆ ಎಂದು ಯೋಚಿಸಿದೆ. ಅಷ್ಟರಲ್ಲಿ ಅಕ್ಕ ಕೆಮ್ಮಿದಳು. ಕರವಸ್ತ್ರದಲ್ಲಿ ಗುಲಾಬಿ ಬಣ್ಣದ ನೊರೆ ಇತ್ತು.

ಅಂಕೋಲೆಯ ವೈದ್ಯರೊಬ್ಬರು ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸಣ್ಣವಳಿದ್ದಾಗ ಜ್ವರ ಬಂದು ಕೈಕಾಲಿನ ಗಂಟುಗಳು ಊದಿಕೊಂಡಿದ್ದವೇ ಎಂದು ಕೇಳಿದರು. ಊದಿಕೊಂಡಿದ್ದವು, ಎಂಟನೆಯ ವರ್ಷದಲ್ಲಿ, ಆಯಿ ಎಣ್ಣೆ ತಿಕ್ಕಿದ್ದಳು. ಆ ಜ್ವರ ಹೃದಯದ ಕವಾಟಕ್ಕೆ ಇಳಿದಿದೆ, ಕೂಡಲೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂದರು. ಆಮೇಲೆ ಪಪ್ಪಾ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ಸುಮ್ಮನೆ ಕೇಳಿದರು:

"ಇಷ್ಟು ದಿನ ಮೆಟ್ಟಿಲು ಹತ್ತುವಾಗ ಹುಡುಗಿಗೆ ಏದುಸಿರು ಬರ್ತಿರಲಿಲ್ವಾ? ಮನೇಲಿ ಯಾರೂ ನೋಡಲಿಲ್ವಾ?"

"ಇಲ್ಲ. ಯಾರೂ ನೋಡ್ಲಿಲ್ಲ," ಅಂದರು ಪಪ್ಪಾ.

ನಾನು ಬಾಗಿಲ ಬಳಿ ನಿಂತಿದ್ದೆ. ಅಕ್ಕ ಮಂಚದ ಮೇಲಿನಿಂದ ನನ್ನ ಕಡೆ ನೋಡಿದಳು. ಹೇಳಬೇಡ ಅಂದಳೋ, ಹೇಳು ಅಂದಳೋ, ಆ ನೋಟ ಇಂದಿಗೂ ನನಗೆ ಬಿಡಿಸಲಾಗಿಲ್ಲ. ನನ್ನನ್ನು ಅಜ್ಜಿಮನೆಯಲ್ಲಿ ಬಿಟ್ಟು ಅವರು ಕಾರು ಮಾಡಿಕೊಂಡು ಘಟ್ಟ ಹತ್ತಿದರು. ನಾಲ್ಕನೆಯ ದಿನ ಅವಳನ್ನು ಅದೇ ಘಟ್ಟದ ದಾರಿಯಲ್ಲಿ ಇಳಿಸಿಕೊಂಡು ಬಂದರು. ಮುಖಕ್ಕೆ ಅರಿಸಿನ ಹಚ್ಚಿದ್ದರು. ತುಟಿಯ ನೀಲಿ ಹಾಗೆಯೇ ಇತ್ತು.

ಆರು ತಿಂಗಳು ಪೇಟಿಯ ಮುಚ್ಚಳ ತೆಗೆಯಲಿಲ್ಲ. ಆಯಿ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸತೊಡಗಿದ್ದಳು. ಒಂದು ಭಾನುವಾರ ಪಪ್ಪಾ ಬಟ್ಟೆಗಳನ್ನು ಬದಿಗಿಟ್ಟು ನುಡಿಸಲು ಕೂತರು. ಆಯಿ ಮೀನು ಹೆಚ್ಚುತ್ತಿದ್ದವಳು ಕೈ ತೊಳೆಯದೆ ಬಾಗಿಲಿಗೆ ಬಂದು ನಿಂತಳು. ಪಪ್ಪಾ ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಬಲಗೈಯಲ್ಲಿ ಏನನ್ನೋ ಹುಡುಕುತ್ತಿದ್ದರು. ರಿಷಭಕ್ಕೆ ಬರುತ್ತಿದ್ದರು, ಅಲ್ಲಿಂದ ಮಧ್ಯಮಕ್ಕೆ ಹಾರುತ್ತಿದ್ದರು. ಇಳಿಯುವಾಗಲೂ ಹಾಗೆಯೇ. ಮೊದಲು ನಾನು ಅದನ್ನು ಸಾರಂಗ ರಾಗ ಅಂದುಕೊಂಡೆ, ಅದರಲ್ಲೂ ಗಾಂಧಾರ ಇರುವುದಿಲ್ಲ. ಆದರೆ ಮರುದಿನದ ಹಾಡಿನಲ್ಲೂ ಇರಲಿಲ್ಲ, ಅದರ ಮರುವಾರದ ಹಾಡಿನಲ್ಲೂ ಇರಲಿಲ್ಲ. ಹಳೆಯ ಹಾಡುಗಳ ಸ್ವರಲಿಪಿ ಬರೆದ ಪುಸ್ತಕಗಳನ್ನು ಅವರು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಕೊನೆಗೆ ಕೇಳಿದೆ.

"ಪಪ್ಪಾ, ಗ ಎಂತಕ್ಕೆ ಬರೂದಿಲ್ಲ?"

ಅವರು ಪೇಟಿಯಿಂದ ಕಣ್ಣೆತ್ತಲಿಲ್ಲ.

"ಅದು ಅವಳದ್ದು. ಈ ಮನೇಲಿ ಇನ್ನು ಅದು ಬೇಡ."

ಅಷ್ಟೇ. ಆದರೆ ಅದು ಪೇಟಿಗೆ ಮಾತ್ರ ನಿಲ್ಲಲಿಲ್ಲ. ರೇಡಿಯೋ ಹಚ್ಚಿದರೆ ಅವರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು, ಆದ್ದರಿಂದ ಹಚ್ಚುವುದನ್ನು ಬಿಟ್ಟೆವು. ಆಯಿ ಅಕ್ಕಿ ಆರಿಸುವಾಗ ಬಾಯಲ್ಲಿ ಏನಾದರೂ ಗುನುಗಿದರೆ ಪಪ್ಪಾ ಹೊರಗಿನ ಕೋಣೆಯಿಂದ ಕೆಮ್ಮುತ್ತಿದ್ದರು. ಪೇಟಿಯ ಜೊತೆ ಪಂಚಮ ಹಿಡಿಯುವುದು ಬಿಟ್ಟರೆ ಆಯಿ ಸಂಗೀತ ಕಲಿತವಳಲ್ಲ. ತನ್ನ ಬಾಯಿಗೆ ಬರುವುದರಲ್ಲಿ ಯಾವುದು ಆ ಸ್ವರ ಎಂದು ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಅವಳು ಎಲ್ಲವನ್ನೂ ನಿಲ್ಲಿಸಿದಳು. ಊಟಕ್ಕೆ ಕೂತಾಗ ಬಟ್ಟಲಿನ ಸದ್ದು ಕೇಳಿಸುತ್ತಿತ್ತು, ಗಂಜಿ ಸುರಿಯುವ ಸದ್ದು ಕೇಳಿಸುತ್ತಿತ್ತು, ಇನ್ನೇನೂ ಇಲ್ಲ. ಪಪ್ಪಾ ಹಾಡು ಕಟ್ಟಿಕೊಡುತ್ತಿದ್ದ ಊರಿನ ಭಜನಾ ಮಂಡಳಿಯವರು ಮೊದಲ ವರ್ಷ ಗೌರವದಿಂದ ಹೊಸ ಹಾಡುಗಳನ್ನು ಹಾಡಿದರು. ಎರಡನೆಯ ವರ್ಷ ಚವತಿ ಹತ್ತಿರ ಬಂದಾಗ ಮಂಡಳಿಯ ಹಿರಿಯರೊಬ್ಬರು ಮನೆಗೆ ಬಂದು, ಚಪ್ಪಲಿ ಬಿಚ್ಚದೆ ಜಗಲಿಯಲ್ಲೇ ನಿಂತು ಹೇಳಿದರು.

"ಮಾಸ್ತರೇ, ಬೇಜಾರು ಮಾಡ್ಕಣ್ಬೇಡಿ. ಗಣಪತಿ ಮನೆಗೆ ಬರೂ ದಿನ. ಸ್ವಲ್ಪ ಖುಷಿ ಆಗೂ ಹಂಗೆ ಒಂದು ಹಾಡು ಮಾಡಿಕೊಡಿ."

"ನನ್ ಹತ್ರ ಇರೂದು ಇಷ್ಟೇ," ಅಂದರು ಪಪ್ಪಾ.

ಮಂಡಳಿಯವರು ಮಲ್ಲಾಪುರದ ಕಡೆಯ ಬೇರೆ ಪೇಟಿಯವರನ್ನು ಕರೆಸಿಕೊಂಡರು. ಆಮೇಲೆ ನಮ್ಮ ಮನೆಗೆ ಯಾರೂ ಬರಲಿಲ್ಲ.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಈಗ ನಾನೂ ಹಾಡು ಕಟ್ಟಿ ಬದುಕುವವಳು. ಪಪ್ಪಾ ಕಟ್ಟಿದ ಹಾಡುಗಳಲ್ಲಿ ಒಳ್ಳೆಯವು ಆ ಮೂರು ವರ್ಷಗಳಲ್ಲಿ ಹುಟ್ಟಿದವು. ಮೊದಲು ಅವರಿಗೆ ಸುಲಭದ ದಾರಿಯೊಂದಿತ್ತು. ಎಲ್ಲಿ ಸಿಕ್ಕಿಕೊಂಡರೂ ಗಾಂಧಾರ ಸೇರಿಸಿ ಕೇಳುವವರನ್ನು ಒಲಿಸಿಕೊಳ್ಳುತ್ತಿದ್ದರು. ಅದು ಹೋದ ಮೇಲೆ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕಾಯಿತು. ಮಧ್ಯಮ ಮತ್ತು ಪಂಚಮವನ್ನು ಒಟ್ಟಿಗೆ ಒತ್ತಿ ಅವು ಒಂದಕ್ಕೊಂದು ತಿಕ್ಕುವುದನ್ನು ಕೇಳುತ್ತ ಕೂರುತ್ತಿದ್ದರು. ಯಾವ ಸ್ವರವೂ ನೆಲೆ ಕಾಣದೆ ಮುಂದಿನದರ ಕಡೆ ನೋಡುವಂಥ ಸಾಲುಗಳನ್ನು ಮಾಡಿದರು. ಸಂತೋಷವೆಂದೂ ಹೇಳಲಾಗದ, ದುಃಖವೆಂದೂ ಹೇಳಲಾಗದ ಆ ಹಾಡುಗಳನ್ನು ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನನಗೂ ಅವು ಬೇಕಾಗಿರಲಿಲ್ಲ. ಆದರೆ ಹಾಡಲು ಉಳಿದವಳು ನಾನೊಬ್ಬಳೇ. ಅಕ್ಕ ನಿಲ್ಲುತ್ತಿದ್ದಲ್ಲಿ ಪಪ್ಪಾ ನನ್ನನ್ನು ನಿಲ್ಲಿಸಿದರು. ಒಂದು ಹಾಡಿನಲ್ಲಿ ರಿಷಭ ಕೊಟ್ಟರು, ಇನ್ನೊಂದರಲ್ಲಿ ಮಧ್ಯಮ. ನಾನು ಆಸೆಪಟ್ಟ ಜಾಗದ ಎರಡೂ ಪಕ್ಕದಲ್ಲಿ ನಿಂತು ಹಾಡಿದೆ. ಪಪ್ಪಾ ನನ್ನ ಮುಖ ನೋಡುತ್ತಿರಲಿಲ್ಲ.

ನನಗೆ ಹದಿನಾಲ್ಕು ತುಂಬಿದ ವರ್ಷ, ಅಕ್ಕನ ಮೂರನೆಯ ವರ್ಷದ ತಿಥಿಯ ದಿನ. ಭಟ್ಟರು ಊಟ ಮಾಡಿ ಹೋಗಿದ್ದರು. ಆಯಿ ಎಲೆ ಎತ್ತುತ್ತಿದ್ದಳು. ಪಪ್ಪಾ ಪೇಟಿಗೆ ಕೂತು, ಅಕ್ಕನಿಗಾಗಿಯೇ ಕಟ್ಟಿದ ಹಾಡನ್ನು ಹಾಡು ಅಂದರು. ರಿಷಭದಿಂದ ಮಧ್ಯಮಕ್ಕೆ ಹೋಗಬೇಕಾದ ಜಾಗ ಬಂತು. ನಾನು ಹಾರಲಿಲ್ಲ. ನಡುವಿನ ಗಾಂಧಾರದ ಮೇಲೆ ಕಾಲೂರಿ ನಿಂತೆ. ಬೇಕೆಂದೇ ನಿಂತೆ, ಉಸಿರು ಮುಗಿಯುವವರೆಗೆ. ಪೇಟಿ ನಿಂತಿತು. ಪಪ್ಪಾ ಮುಚ್ಚಳವನ್ನು ಎಷ್ಟು ಜೋರಾಗಿ ಬಡಿದರೆಂದರೆ ಅದರ ಕೀಲು ಕಿತ್ತು ಬಂತು.

"ಯಾರನ್ನ ಕೇಳಿ ಹಾಡಿದೆ ಅದನ್ನ? ಅದು ನಿಂದಾ?"

ಆಯಿ ಎಲೆಗಳನ್ನು ಕೈಯಲ್ಲಿ ಹಿಡಿದೇ ಬಂದಳು. ಆಯಿ ಪಪ್ಪಾ ಮುಂದೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಂದೂ ಎತ್ತಲಿಲ್ಲ.

"ಅವಳ ಸಲುವಾಗಿ ಬಿಟ್ಟದ್ದು ಅಂತ ಹೇಳ್ತೀರಿ ನೀವು. ಶೈಲನಿಗೆ ಹಾಡು ಅಂದ್ರೆ ಜೀವ. ಅವಳ ಹೆಸರು ಹೇಳಿ ನಮ್ಮಿಬ್ಬರ ಬಾಯಿ ಕಟ್ಟಿದ್ರಿ. ಗಡಿಯಾರ ಹಿಡ್ಕಂಡು ಕೂತವರು ನೀವು. ಅದನ್ನ ನೆನೆಸೂಕೆ ಆಗೂದಿಲ್ಲ ನಿಮಗೆ, ಅದಕ್ಕೇ ಈ ಸ್ವರ ಬೇಡ."

ಪಪ್ಪಾ ಅವರ ಮುಖ ಬಿಳುಚಿಕೊಂಡಿತು. ಅವರ ಪರವಾಗಿ ಏನಾದರೂ ಹೇಳಬೇಕು ಅನಿಸಿತೋ, ಮೂರು ವರ್ಷದ ಭಾರ ತಡೆಯಲಾಗಲಿಲ್ಲವೋ, ನನ್ನ ಬಾಯಿಂದ ಬಂತು.

"ಪಪ್ಪಾಗೆ ಗೊತ್ತಿರ್ಲಿಲ್ಲ ಆಯಿ. ನಂಗೆ ಗೊತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತುಬಿಡ್ತಿದ್ಲು. ದಿನಾ. ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡಿದ್ಲು."

ಪಪ್ಪಾ ನನ್ನ ಮುಖ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ.

"ಎಷ್ಟು ದಿನದಿಂದ?"

"ಚವತಿಗಿಂತ ಮುಂಚಿನಿಂದ."

ಅವರು ಮನಸ್ಸಿನಲ್ಲೇ ತಿಂಗಳು ಎಣಿಸಿದ್ದು ನನಗೆ ಕಂಡಿತು.

"ಹೇಳ್ಬೇಕಿತ್ತು," ಅಂದರು.

ಆಯಿ ಕೈಯಲ್ಲಿದ್ದ ಎಲೆಗಳನ್ನು ನೆಲಕ್ಕೆ ಹಾಕಿದಳು. ಎಂಜಲು ಹೊರಕೋಣೆಯ ನೆಲದ ಮೇಲೆಲ್ಲ ಹರಡಿತು.

"ಹನ್ನೊಂದು ವರ್ಷದ ಕೂಸಿನ ತಲೆ ಮೇಲೆ ಹಾಕೂಕೆ ಬಂದ್ರಾ?"

ಮರುದಿನ ಬೆಳಗಿನ ಬಸ್ಸಿಗೆ ಆಯಿ ನನ್ನನ್ನು ಕರೆದುಕೊಂಡು ಅಂಕೋಲೆಗೆ ಹೊರಟಳು. ಒಂದು ಟ್ರಂಕು, ಎರಡು ಚೀಲ. ಪಪ್ಪಾ ಟ್ರಂಕನ್ನು ತಾವೇ ಹೊತ್ತು ಮೆಟ್ಟಿಲು ಇಳಿಸಿ, ಬಸ್ಸಿನವರೆಗೂ ಬಂದು ನಿಂತರು. ಅಜ್ಜಿಮನೆಯಲ್ಲಿ ಸೋದರಮಾವನ ಸಂಸಾರವಿತ್ತು, ಗದ್ದೆಯಿತ್ತು, ದಿನವಿಡೀ ರೇಡಿಯೋ ಇತ್ತು. ಅಲ್ಲಿ ಯಾರು ಏನು ಬೇಕಾದರೂ ಹಾಡಬಹುದಿತ್ತು. ಆದರೆ ನನಗೆ ಆಗುತ್ತಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಆ ಸ್ವರ ಬಂದ ಕಡೆ ನನ್ನ ದನಿ ತಾನಾಗಿ ನಿಲ್ಲುತ್ತಿತ್ತು. ಬಾಯಿ ತೆರೆದು ನಿಂತಿರುತ್ತಿದ್ದೆ, ಆ ಅಕ್ಷರ ಇತರರ ಬಾಯಲ್ಲಿ ದಾಟಿಹೋಗುತ್ತಿತ್ತು. ಮಾವನ ಮನೆಯ ಕೈಪೇಟಿಯ ಮೇಲೆ ನಾನೇ ಹಾಡು ಕಟ್ಟಲು ಶುರು ಮಾಡಿದ್ದೆ. ಅವುಗಳಲ್ಲೂ ಗಾಂಧಾರ ಇರಲಿಲ್ಲ. ಪಪ್ಪಾ ಬಿಟ್ಟದ್ದು ಅಕ್ಕನಿಗಾಗಿ ಎಂದಾದರೆ, ನಾನು ಬಿಟ್ಟದ್ದು ನನ್ನ ತಪ್ಪಿಗೆ. ಯಾರೂ ಕೊಡದ ಶಿಕ್ಷೆಯನ್ನು ನಾನೇ ಕೊಟ್ಟುಕೊಂಡಿದ್ದೆ, ಅದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು.

ಪಪ್ಪಾ ಭಾನುವಾರ ಬರುತ್ತಿದ್ದರು. ಜಗಲಿಯ ಮೇಲೆ ಕೂತು ಆಯಿ ಕೊಟ್ಟ ಚಹಾ ಕುಡಿದು, ಮಾವನ ಹತ್ತಿರ ಗದ್ದೆಯ ಮಾತಾಡಿ, ಸಂಜೆಯ ಬಸ್ಸಿಗೆ ವಾಪಸು. ಆಯಿ ಅವರಿಗೆ ಬಡಿಸುತ್ತಿದ್ದಳು, ಕಾರವಾರಕ್ಕೆ ಬರುತ್ತೇನೆ ಅನ್ನುತ್ತಿರಲಿಲ್ಲ. ಹೀಗೆ ಎರಡು ವರ್ಷ ಹೋಯಿತು. ನನಗೆ ಹದಿನಾರಾಯಿತು, ಅಕ್ಕನಷ್ಟೇ ವಯಸ್ಸು. ಆ ವರ್ಷದ ಒಂದು ಭಾನುವಾರ ನಾನು ಒಳಗೆ ನನ್ನ ಹಾಡನ್ನು ಹಾಡಿಕೊಳ್ಳುತ್ತಿದ್ದೆ. ಪಪ್ಪಾ ಬಂದದ್ದು ಗೊತ್ತಾಗಲಿಲ್ಲ. ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ ಒಳಗೆ ಬಂದು ನನ್ನೆದುರು ಚಾಪೆಯ ಮೇಲೆ ಕೂತರು.

"ಇದನ್ನ ಯಾರು ಕಟ್ಟಿದ್ದು?"

"ನಾನೇ."

"ಗ ಎಲ್ಲಿ?"

ನಾನು ತಿದಿಯಿಂದ ಕೈ ತೆಗೆದೆ. ಅವರು ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡು ಷಡ್ಜ ಪಂಚಮ ಎರಡನ್ನೇ ಹಿಡಿದರು. ತಿದಿ ಒತ್ತುತ್ತ ಕಾದರು.

"ನಾನು ಬಿಟ್ಟದ್ದು ನಂದು. ಅದನ್ನ ನಾನು ಸಾಯೂವರೆಗೂ ಹಿಡಿಯೂದಿಲ್ಲ. ನೀನು ಬಿಡ್ಬೇಡ ಮಗಾ. ಹಾಡು."

ಹಾಡಲು ಬಹಳ ಹೊತ್ತು ಹಿಡಿಯಿತು. ಮೊದಲ ಸಲ ದನಿಯೇ ಬರಲಿಲ್ಲ. ಎರಡನೆಯ ಸಲ ಒಡೆದು ಬಂತು. ಅವರು ಅದೇ ಎರಡು ಮನೆಗಳ ಮೇಲೆ ಬೆರಳಿಟ್ಟು, ತಲೆ ತಗ್ಗಿಸಿ, ನಿಲ್ಲಿಸದೆ ತಿದಿ ಒತ್ತುತ್ತಲೇ ಇದ್ದರು. ಗಾಂಧಾರ ಕೊನೆಗೆ ನಿಂತಿತು. ಅಕ್ಕನದಷ್ಟು ಚೆನ್ನಾಗಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಾಯಿತು.

ಸಂಜೆ ಅವರನ್ನು ಬಸ್ ನಿಲ್ದಾಣಕ್ಕೆ ಕಳಿಸಲು ನಾನೊಬ್ಬಳೇ ಹೋದೆ. ಕಾರವಾರದ ಬಸ್ಸು ತಡವಾಗಿತ್ತು. ಕಲ್ಲಿನ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದೆವು. ಎದುರು ಮೀನಿನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಪೇರಿಸಿಕೊಂಡು ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ಅವರ ಗದ್ದಲದ ನಡುವೆ ನನಗೆ ಕೇಳುವ ಧೈರ್ಯ ಬಂತು.

"ಪಪ್ಪಾ, ನಾನು ಆವಾಗ್ಲೇ ಹೇಳಿದ್ರೆ ಅಕ್ಕ ಬದುಕ್ತಿದ್ಲಾ?"

ಇಲ್ಲ ಅಂದಿದ್ದರೆ ಅದು ಸುಳ್ಳು ಎಂದು ನನಗೆ ತಿಳಿಯುತ್ತಿತ್ತು. ಅವರು ಚೀಲವನ್ನು ಮಡಿಲಿನಿಂದ ತೆಗೆದು ಕಾಲ ಬಳಿ ಇಟ್ಟರು.

"ಬದುಕ್ತಿದ್ಲೇನೋ. ಗೊತ್ತಿಲ್ಲ ಮಗಾ." ಎದುರಿನ ಬುಟ್ಟಿಗಳನ್ನು ನೋಡುತ್ತ ಅಂದರು, "ನೀನು ಹೇಳೂದಲ್ಲ ಅದು. ನಾನು ಕೇಳೂದಿತ್ತು. ದಿನಾ ಎದುರಿಗೇ ನಿಂತಿದ್ಲು, ಎಂತಾಗ್ತದೆ ಮಗಾ ಅಂತ ಒಂದು ದಿನನೂ ನಾನು ಕೇಳ್ಲಿಲ್ಲ."

ಬಸ್ಸು ಬಂತು. ಅವರು ಹತ್ತಿದರು, ಕಿಟಕಿಯ ಬಳಿ ಜಾಗ ಸಿಗಲಿಲ್ಲ, ಜನರ ನಡುವೆ ಕಂಬಿ ಹಿಡಿದು ನಿಂತರು. ನಾನು ಗದ್ದೆಯ ಅಂಚಿನ ದಾರಿಯಲ್ಲಿ ಮನೆಗೆ ನಡೆದೆ. ಆ ದಾರಿಯಲ್ಲಿ ನನಗೆ ಅಳು ಬಂತು. ಐದು ವರ್ಷ ನಾನು ಬೇಕಾದಷ್ಟು ಅತ್ತಿದ್ದೆ, ಆದರೆ ಅದೆಲ್ಲ ಸಿಕ್ಕಿಬೀಳುತ್ತೇನೆಂಬ ಹೆದರಿಕೆಯಿಂದ, ಸಿಕ್ಕಿಬಿದ್ದ ಮೇಲೆ ನಾಚಿಕೆಯಿಂದ, ನನಗಾಗಿ ಅತ್ತದ್ದು. ಅಕ್ಕನಿಗಾಗಿ ಅತ್ತದ್ದು ಅದೇ ಮೊದಲು.